ಮಚ್ಚೆ ರಿಜಿಸ್ಟರಿನ ಬೀಗ

ನಮ್ಮ ಹಳೆಯ ಘಟಕಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದು, “ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಹೇಳಿ” ಎಂದರು. ಒಂದು ಗಂಟೆ ಹೇಳಿದೆ. ಅವರು ಮೊಬೈಲ್ ನೋಡುತ್ತಲೇ ಕೇಳಿಸಿಕೊಂಡರು. ಅದಕ್ಕೇ ಬರೆದುಬಿಡೋಣ ಎನಿಸಿತು. ಬರೆದದ್ದನ್ನಾದರೆ ಮೊಬೈಲಿನಲ್ಲೇ ಓದಿಕೊಳ್ಳಬಹುದು.

ನಾನು ಕುಷ್ಠರೋಗ ನಿಯಂತ್ರಣ ಘಟಕವೊಂದರಲ್ಲಿ ಹಳ್ಳಿ ತಿರುಗುವ ಕಾರ್ಯಕರ್ತನಾಗಿದ್ದೆ. ಸಾಗರದಲ್ಲಿ ಆಫೀಸು, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ನನ್ನ ಸೈಕಲ್ಲಿನ ವ್ಯಾಪ್ತಿ. ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದಾಗ ಕೊಟ್ಟ ಸಾಮಾನು ಇಷ್ಟು: ಒಂದು ಸೈಕಲ್ಲು, ಒಂದು ಉಂಡೆ ಹತ್ತಿ, ಒಂದು ಪೆನ್ನು, ಒಂದು ಡೈರಿ. ಯಾರ ಮೈಮೇಲಾದರೂ ಬಿಳಿಚಿದ ಮಚ್ಚೆ ಕಂಡರೆ ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯಿಂದ ಅಲ್ಲಿ ಮುಟ್ಟಬೇಕು. ಮುಟ್ಟಿದ್ದು ಗೊತ್ತಾದರೆ ಅದು ಬರೀ ಮಚ್ಚೆ. ಗೊತ್ತಾಗದಿದ್ದರೆ ನಮ್ಮ ಕೇಸು. ಜನ ನನ್ನನ್ನು ಮಚ್ಚೆ ಮಂಜಪ್ಪ ಎಂದು ಕರೆಯುತ್ತಿದ್ದರು. ಎರಡು ಸಲ ಬಡ್ತಿ ಬಂತು. ಎರಡು ಸಲವೂ ಹೆಸರು ಅದೇ, ಸೈಕಲ್ಲೂ ಅದೇ.

ರೋಗ ಮಾತ್ರೆಗೆ ಬಗ್ಗುತ್ತಿತ್ತು. ಬಗ್ಗದಿದ್ದದ್ದು ಹೆಸರು. ಒಂದು ಮನೆಯಲ್ಲಿ ಈ ರೋಗ ಇದೆಯೆಂದು ಊರಿಗೆ ಗೊತ್ತಾದರೆ ಆ ಮನೆಯ ಗದ್ದೆಗೆ, ಕೆಲಸಕ್ಕೆ ಬದಲು ಕೆಲಸ ಮಾಡಿಕೊಡುವ ಮುಯ್ಯಾಳು ಬರುವುದಿಲ್ಲ. ಆ ಮನೆಯಿಂದ ಹೆಣ್ಣು ತರುವುದಿಲ್ಲ, ಆ ಮನೆಗೆ ಕೊಡುವುದೂ ಇಲ್ಲ. ಹಾಗಾಗಿ ನಮ್ಮ ಕೆಲಸದಲ್ಲಿ ಅರ್ಧ ಮಾತ್ರೆ ಕೊಡುವುದು, ಇನ್ನರ್ಧ ಯಾರಿಗೆ ಕೊಟ್ಟೆವೆಂದು ಬಚ್ಚಿಡುವುದು. ತರಬೇತಿಯಲ್ಲಿ ಮೊದಲರ್ಧ ಮಾತ್ರ ಕಲಿಸಿದ್ದರು.

ಬಚ್ಚಿಡುವುದಕ್ಕೆ ಜನ ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಸಾಗರದವರು ಮಾತ್ರೆಗೆ ತೀರ್ಥಹಳ್ಳಿಗೆ ಹೋಗುತ್ತಿದ್ದರು. ತೀರ್ಥಹಳ್ಳಿಯವರು ಹೊಸನಗರಕ್ಕೆ, ಹೊಸನಗರದವರು ಸಾಗರಕ್ಕೆ. ತಿಂಗಳಿಗೊಂದು ದಿನ ಮೂರು ತಾಲ್ಲೂಕಿನ ರೋಗಿಗಳು ಬಸ್ಸು ಹತ್ತಿ ಒಬ್ಬರ ಊರಿಗೆ ಒಬ್ಬರು ಹೋಗಿ ಬರುತ್ತಿದ್ದರು. ಹಿನ್ನೀರಿನಾಚೆ ಬ್ಯಾಕೋಡಿನ ಕಡೆ ಒಂದೇ ಮನೆಯ ಅಣ್ಣ ತಮ್ಮ ಇಬ್ಬರೂ ನನ್ನ ರೋಗಿಗಳು. ಅಣ್ಣನ ವಿಷಯ ತಮ್ಮನಿಗೆ ಗೊತ್ತಿಲ್ಲ, ತಮ್ಮನದು ಅಣ್ಣನಿಗೆ ಗೊತ್ತಿಲ್ಲ. ಇಬ್ಬರಿಗೂ ನಾನು ಬೇರೆ ಬೇರೆ ವಾರ ಗೊತ್ತು ಮಾಡಿಕೊಟ್ಟಿದ್ದೆ. ಒಬ್ಬ ವಾರ ತಪ್ಪಿಸಿ, ಒಂದು ದಿನ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಎದುರಾಬದುರಾಗಿ ಕೂತುಬಿಟ್ಟರು.

“ಎಲ್ಲಿಗ್ ಹೊಂಟಿದ್ದಿಯೋ?” ಅಂದನಂತೆ ಅಣ್ಣ.

“ಒಂದ್ ಹಸ ನೋಡ್ಕಂಡ್ ಬರಣಾಂತ. ನೀನು?”

“ನಾನೂ ಹಸಕ್ಕೇ.”

ಸಂಜೆ ಇಬ್ಬರೂ ಹಸುವಿಲ್ಲದೆ ಅದೇ ಲಾಂಚಿನಲ್ಲಿ ವಾಪಸು ಬಂದರು. ಇಬ್ಬರೂ ನನಗೆ ಬೇರೆ ಬೇರೆಯಾಗಿ ಈ ಕಥೆ ಹೇಳಿದರು. ನಾನು ಇಬ್ಬರ ಮುಂದೆಯೂ ಮೊದಲ ಸಲ ಕೇಳಿದವನಂತೆ ಕೇಳಿಸಿಕೊಂಡೆ.

ನಮ್ಮ ಮೇಲಧಿಕಾರಿ ಡಾಕ್ಟರ್ ಕಾಮತರು. ಒಳ್ಳೆಯವರು, ಆದರೆ ಹೊಸದು ಯಾವುದು ಕಂಡರೂ ತಕ್ಷಣ ಬೇಕು ಎನ್ನುವ ಸ್ವಭಾವ. ರೋಗಿಗಳ ಹೆಸರಿನ ರಿಜಿಸ್ಟರನ್ನು ಅವರು ಆಫೀಸಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ನನ್ನ ಡೈರಿಗೆ ಬೀಗವಿರಲಿಲ್ಲ. “ಮಂಜಪ್ಪ, ಡೈರಿಯಲ್ಲಿ ಹೆಸರು ಬರೆಯಕೂಡದು. ಏನಾದರೂ ಗುಟ್ಟಿನ ಗುರುತು ಮಾಡಿಕೋ” ಎಂದರು.

ನಾನು ಎರಡು ದಿನ ಯೋಚಿಸಿ ಒಂದು ಉಪಾಯ ಕಂಡುಹಿಡಿದೆ. ನನಗೆ ಆಗ ಇಪ್ಪತ್ಮೂರು ವರ್ಷ; ಕಂಡುಹಿಡಿದದ್ದೆಲ್ಲ ಅದ್ಭುತವಾಗಿಯೇ ಕಾಣುತ್ತಿತ್ತು. ಯಾವ ಮನೆಗೆ ಹೋದರೂ ಮಾತು ಶುರುವಾಗುವುದು ಹಸುವಿನಿಂದ. ಹಾಗಾಗಿ ರೋಗಿಯ ಹೆಸರಿನ ಬದಲು ಆ ಮನೆಯ ಹಸುವಿನ ಹೆಸರು ಬರೆಯತೊಡಗಿದೆ. ‘ಕೆಂಪಿ. ಎಡಗೈ, ಎರಡು ಮಚ್ಚೆ. ಮಾತ್ರೆ ಕೊಟ್ಟಿದೆ.’ ‘ಚಿಕ್ಕಿ. ಬೆನ್ನು, ಒಂದು ಮಚ್ಚೆ. ಗುಣಮುಖ.’ ಡಾಕ್ಟರು ನೋಡಿ, “ಭೇಷ್, ದೇವರಿಗೂ ಅರ್ಥವಾಗುವುದಿಲ್ಲ” ಎಂದರು. ಅವರು ಮಂಗಳೂರು ಪೇಟೆಯವರು. ನಾನು ಇಲ್ಲೇ ಹುಟ್ಟಿ ಬೆಳೆದವನು, ನನಗಾದರೂ ಹೊಳೆಯಬೇಕಿತ್ತು. ನಮ್ಮ ಕಡೆ ಯಾರ ಮನೆಯ ಗಂಡಸಿನ ಹೆಸರು ಗೊತ್ತಿಲ್ಲದಿದ್ದರೂ ಹಸುವಿನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ದಿನಾ ಸಂಜೆ ಗುಡ್ಡದ ತಲೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಅದನ್ನೇ ಕೂಗಿ ಕರೆಯುತ್ತಾರೆ.

ಹುಲಿಕಲ್ ದಾರಿಯ ಏರಿನಲ್ಲಿ ಡೈರಿ ಸೈಕಲ್ಲಿನ ಕ್ಯಾರಿಯರಿನಿಂದ ಬಿದ್ದುಹೋಯಿತು. ಸಿಕ್ಕಿದ್ದು ತಿಮ್ಮಣ್ಣನ ಕೈಗೆ. ತಿಮ್ಮಣ್ಣ ಬೇಲಿ ಹಾರಿದ ದನಗಳನ್ನು ಕೂಡಿಹಾಕುವ ಪಂಚಾಯ್ತಿ ದೊಡ್ಡಿಯ ಕಾವಲುಗಾರ. ಮೂರು ಹಳ್ಳಿಯ ಅಷ್ಟೂ ಹಸುಗಳನ್ನು ಮುಖ ನೋಡಿ ಹೇಳಬಲ್ಲವನು. ಡೈರಿ ಯಾರೋ ದನದ ಡಾಕ್ಟರದ್ದಿರಬೇಕು ಎಂದುಕೊಂಡ. ಹಸುವಿಗೆ ‘ಎಡಗೈ’ ಎಂದು ಬರೆದದ್ದು ಕಂಡು, ಸರ್ಕಾರದವರು ಮುಂಗಾಲಿಗೆ ಹಾಗೆ ಬರೆಯುತ್ತಾರೇನೋ ಎಂದು ಸಮಾಧಾನ ಮಾಡಿಕೊಂಡ. ಆಮೇಲೆ ಪಾಪ, ಒಳ್ಳೆಯ ಮನಸ್ಸಿನಿಂದ ಮನೆಮನೆಗೆ ಹೋಗಿ, “ನಿಮ್ ಕೆಂಪಿ ಮುಂಗಾಲಿಗೆ ಏನೋ ಆಗೈತಂತೆ, ನೋಡ್ಕಳಿ” ಎಂದು ಹೇಳಿಬಂದ. ಜನ ಹಸುವಿನ ಕಾಲು ನೋಡಿದರು. ಏನೂ ಇರಲಿಲ್ಲ. ಆಮೇಲೆ ಅಂಗಡಿಯಲ್ಲಿ ಕೂತು ಯಾರೋ ತಾಳೆ ಹಾಕಿದರು: ಡೈರಿಯಲ್ಲಿರುವ ಮನೆಗಳೆಲ್ಲ ಮಚ್ಚೆ ಮಂಜಪ್ಪ ಮತ್ತೆ ಮತ್ತೆ ಸೈಕಲ್ ನಿಲ್ಲಿಸುವ ಮನೆಗಳೇ.

ಕೆಂಪಿ ಚೌಡಮ್ಮನ ಮನೆಯ ಹಸು. ಚೌಡಮ್ಮನ ಮನೆಯವರು ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಆಗತಾನೇ ಸ್ವಂತ ಮಾಡಿಕೊಂಡಿದ್ದರು. ಆ ವರ್ಷ ನೆಟ್ಟಿಗೆ ಒಬ್ಬ ಆಳೂ ಬರಲಿಲ್ಲ. ಸಸಿ ಬಲಿಯುತ್ತಿತ್ತು. ನಾನು ಕ್ಷಮೆ ಕೇಳಲು ಹೋದೆ. ಆಕೆ ಗದ್ದೆಯ ಅಂಚಿನಲ್ಲಿ ಸಸಿಯ ಕಟ್ಟು ಹಿಡಿದು ನಿಂತಿದ್ದಳು.

“ಮಾತ್ರೆ ಕೊಟ್ಟೋರೂ ನೀವೇ, ಊರಿಗ್ ಹೇಳ್ದೋರೂ ನೀವೇ. ಇಳೀರಿ ಗದ್ದೆಗೆ” ಎಂದಳು.

ಪ್ಯಾಂಟು ಮಡಚಿ ಇಳಿದೆ. ನಾಲ್ಕು ದಿನ ರಜೆ ಹಾಕಿ ಚೌಡಮ್ಮ, ಅವಳ ಗಂಡ, ನಾನು ಮೂವರೇ ನೆಟ್ಟೆವು. ಸೊಂಟ ಮುರಿದುಹೋಯಿತು. ಕೊನೆಯ ದಿನ ಆಕೆ ದಡದ ಮೇಲೆ ನಿಂತು ನಾನು ನೆಟ್ಟ ಭಾಗ ನೋಡಿ, “ಇದೇನ್ರೀ ಮಂಜಪ್ಪೋರೇ, ಸಾಲಾ ಇದು? ಇದನ್ ಕಂಡ್ ಮೇಲೆ ಜನ ನನ್ ಮಚ್ಚೆ ಮರ್ತು ಇದನ್ನೇ ಆಡ್ಕತಾರೆ ಬಿಡಿ” ಎಂದು ನಕ್ಕಳು. ರೋಗ ವಾಸಿಯಾಯಿತು. ಎರಡು ವರ್ಷದ ಮೇಲೆ ಆಳುಗಳೂ ಬಂದರು. ಆದರೆ ಚೌಡಮ್ಮನ ತಂಗಿಗೆ ಗೊತ್ತಾಗಿದ್ದ ಸಂಬಂಧ ಆ ವರ್ಷವೇ ಮುರಿದುಬಿದ್ದಿತ್ತು, ಆ ಹುಡುಗಿ ಮದುವೆಯಾಗಲೇ ಇಲ್ಲ. ಅದು ನನ್ನ ಜಾಣತನದಿಂದ ಆದದ್ದು. ಈ ವಯಸ್ಸಿನಲ್ಲೂ ನೆನಪಾದರೆ ನಾಚಿಕೆಯಾಗುತ್ತದೆ, ಊಟ ಸೇರುವುದಿಲ್ಲ.

ಇನ್ನು ಗಣಪಣ್ಣನ ವಿಷಯ. ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ಇಕ್ಕೇರಿ ಹತ್ತಿರದ ಒಂದು ಮದುವೆಗೆ ಡಾಕ್ಟರ ಜೊತೆ ನಾನೂ ಹೋಗಿದ್ದೆ. ಅಡುಗೆ ಗಣಪಣ್ಣನದು. ಆ ಸೀಮೆಯಲ್ಲಿ ಗಣಪಣ್ಣ ಸಿಗುವ ದಿನ ನೋಡಿ ಮುಹೂರ್ತ ಇಡಿಸುವವರಿದ್ದರು. ಅವರ ಹೆಸರುವಾಸಿ ಕೈಚಳಕ ಎಂದರೆ ಹೋಳಿಗೆ. ಕಾದ ಕಾವಲಿಯ ಮೇಲಿನ ಹೋಳಿಗೆಯನ್ನು ಸಟ್ಟುಗ ಮುಟ್ಟದೆ ಬರಿಗೈಯಲ್ಲೇ ಮಗುಚುತ್ತಿದ್ದರು. ನೋಡಲು ಜನ ಅಡುಗೆಮನೆ ಬಾಗಿಲಲ್ಲಿ ಗುಂಪು ಕಟ್ಟುತ್ತಿದ್ದರು. ಡಾಕ್ಟರು ಚಪ್ಪರದಲ್ಲೇ ಉಳಿದರು, ನಾನು ಹೋಗಿ ನಿಂತೆ. “ಕೈಯಲ್ಲ ಅದು, ಚಿಮಟ” ಎಂದು ಪಕ್ಕದವರು ಹೊಗಳಿದರು. ಗಣಪಣ್ಣನ ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳು ಕಂಡವು, ಮಣಿಕಟ್ಟಿನ ಮೇಲೆ ಅಂಗೈ ಅಗಲದ ಬಿಳಿಚು ಕಂಡಿತು. ಅಂದು ನಾನು ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ರೋಗದ ಹೆದರಿಕೆಯಿಂದಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಿರುವುದು ಯಾವುದಕ್ಕೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಹಿತ್ತಿಲಲ್ಲಿ ಕೂರಿಸಿ ಕಣ್ಣು ಮುಚ್ಚಿಸಿ, ಹತ್ತಿ ತೆಗೆದೆ.

“ಮುಟ್ಟಿದ ಕೂಡಲೇ ಹೇಳಿ ಗಣಪಣ್ಣ.”

ಸ್ವಲ್ಪ ಹೊತ್ತು ಕಾದು ಅವರು, “ಎಂತ ಮಾರಾಯ, ಮುಟ್ತೆ ಹೇಳಿ ಮುಟ್ಟದೇ ಇಲ್ಲೆ ನೀನು!” ಎಂದರು.

ನಾನು ಮೂರು ಸಲ ಮುಟ್ಟಿ ಆಗಿತ್ತು. ಹಾಗೆಂದು ಹೇಳಿದೆ. ಅವರು ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಲ್ಲೇ, “ಇನ್ನೊಂದ್ಸಲ ಮುಟ್ಟಿ ನೋಡು” ಎಂದರು. ನಾಲ್ಕನೆಯ ಸಲವೂ ಮುಟ್ಟಿದೆ.

ಡಾಕ್ಟರು ಅವರ ಮನೆಗೇ ಬಂದು ಪರೀಕ್ಷೆ ಮಾಡಿ ಇದು ಇನ್ನೊಬ್ಬರಿಗೆ ಹರಡುವ ಬಗೆಯಲ್ಲ ಎಂದರು. “ಅಡುಗೆ ಬಿಡಬೇಕಿಲ್ಲ, ಬರಿಗೈ ಬಿಡಬೇಕು, ಅಷ್ಟೆ.” ಗಣಪಣ್ಣನ ಚಿಂತೆ ಬೇರೆಯೇ ಇತ್ತು. “ಹರಡ್ತಿಲ್ಲೆ ಹೇಳಿ ನಿಂಗ್ಳಿಗೆ ಗೊತ್ತಿದ್ದು, ಎಂಗೆ ಗೊತ್ತಿದ್ದು. ಉಣ್ಣೋರಿಗೆ ಗೊತ್ತಿದ್ದ? ಅಡ್ಗೆಯವಂಗೆ ಈ ರೋಗ ಹೇಳಿ ಒಬ್ಬನ ಕಿವಿಗೆ ಬಿದ್ರೆ ಎಂಗೊ ಮನೆಮಂದಿ ಎಲ್ಲ ಉಪಾಸ. ಎನ್ನ ಹೆಸ್ರು ಎಲ್ಲೂ ಹೊರಗೆ ಹೋಪಲಾಗ ಮಂಜಪ್ಪ.” ಮನೆಯಲ್ಲಿ ಎಂಟು ಜನ, ದುಡಿಯುವ ಕೈ ಅದೊಂದೇ. ಅವರ ಒಲೆಯ ಮುಂದೆ ನಿಂತು ಮಾತು ಕೊಟ್ಟೆ: ಹೆಸರು ಬೀರುವಿನೊಳಗಿನ ರಿಜಿಸ್ಟರಿನಲ್ಲಿ ಒಂದು ಸಲ ಬರೆಯುತ್ತೇವೆ, ಬೀರು ಬಿಟ್ಟು ಹೊರಗೆ ಹೋಗುವುದಿಲ್ಲ. ಹಸುವಿನ ಹೆಸರು ಕೂಡ ಎಲ್ಲೂ ಬರೆಯುವುದಿಲ್ಲ. ಎರಡನೆಯದು ಅವರಿಗೆ ಅರ್ಥವಾಗಲಿಲ್ಲ. ನನಗಾಗಿ ಹೇಳಿಕೊಂಡದ್ದು.

ಅಷ್ಟರಲ್ಲಿ ಚಿಕಿತ್ಸೆ ಬದಲಾಗಿತ್ತು. ಮೊದಲು ವರ್ಷಾನುಗಟ್ಟಲೆ ಒಂದೇ ಮಾತ್ರೆ ನುಂಗಬೇಕಿತ್ತು. ಈಗ ಜೊತೆಗೆ ತಿಂಗಳಿಗೊಮ್ಮೆ ನನ್ನೆದುರೇ ನುಂಗುವ ಕೆಂಪು ಕ್ಯಾಪ್ಸೂಲು ಬಂದಿತ್ತು. ಗಣಪಣ್ಣನಂಥವರಿಗೆ ಆರು ತಿಂಗಳಲ್ಲಿ ಮುಗಿಯುತ್ತಿತ್ತು, ಆಮೇಲೆ ಕೆಲವು ವರ್ಷ ಆಗಾಗ ಹೋಗಿ ನೋಡಿ ಬರುವುದು. ಕ್ಯಾಪ್ಸೂಲು ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ. ಇದನ್ನು ಮೊದಲೇ ಹೇಳಬೇಕು, ಹೊಸಬರು ನೆನಪಿಟ್ಟುಕೊಳ್ಳಿ. ನಾನು ಮರೆತೆ. ಗಣಪಣ್ಣ ಮೂರು ಮೈಲಿ ನಡೆದು ನನ್ನ ಮನೆಗೆ ಬಂದು, ಮನೆಯಲ್ಲಿ ಬೀಟ್‌ರೂಟ್ ಪಲ್ಯದ ಮೇಲೆ ಹಾಕಿ ತಪ್ಪಿಸಿಕೊಂಡೆ ಎಂದು ಬೈದು ಹೋದರು. ಮದುವೆಮನೆಗಳಲ್ಲಿ ಅವರು ಸಟ್ಟುಗ ಹಿಡಿಯತೊಡಗಿದರು. ಉಗುರುಸುತ್ತು ಎಂದು ಹೇಳಿಕೊಂಡರು. “ಗಣಪಣ್ಣಂಗೆ ವಯಸ್ಸಾತು” ಎಂದು ಜನ ಬೇಜಾರು ಮಾಡಿಕೊಂಡರು.

ಇದಾಗಿ ಎರಡು ವರ್ಷಕ್ಕೆ ಕಂಪ್ಯೂಟರ್ ಬಂತು. ನಮ್ಮಂಥ ಘಟಕಗಳಿಗೆ ನೆರವು ಕೊಡುವ ಹೊರದೇಶದ ದಾನಿಗಳು ಕಳಿಸಿದ್ದು. ಸಾಗರದಲ್ಲಿ ಅದನ್ನು ನೋಡಲು ಜನ ಬಂದುಹೋಗುತ್ತಿದ್ದರು. ಕಾಮತರು ಅದಕ್ಕೊಂದು ಕುಸುರಿ ಹಾಕಿದ ಬಟ್ಟೆ ಹೊದಿಸಿದ್ದರು. ರಿಜಿಸ್ಟರಿನಲ್ಲಿರುವುದನ್ನೆಲ್ಲ ಹೆಸರು ಸಮೇತ ಇದಕ್ಕೆ ತುಂಬಬೇಕು. ತಿಂಗಳಿಗೊಮ್ಮೆ ಅದನ್ನು ಫ್ಲಾಪಿಗೆ ಇಳಿಸಿ ಜಿಲ್ಲಾ ಕೇಂದ್ರಕ್ಕೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಬೇಕು. ಇದು ಮೇಲಿನ ಆದೇಶ. ಬೀರುವಿನಿಂದ ಹೆಸರು ಹೊರಗೆ ಹೊರಟಿತು ಎಂದು ನನಗೆ ಅವತ್ತೇ ಗೊತ್ತಾಯಿತು.

“ಸಾರ್, ಹೆಸರಿಗೆ ಬೀಗ ಇದೆಯಾ ಇದರಲ್ಲಿ?” ಎಂದು ಕೇಳಿದೆ.

ಯಂತ್ರ ಕೂರಿಸಲು ಬಂದಿದ್ದವನು ಪೀಟರ್ ಎಂಬ ಅಮೆರಿಕದವನು. ಉದ್ದನೆಯ ಮನುಷ್ಯ, ನಮ್ಮ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂರುತ್ತಿದ್ದ. ನನ್ನ ಪ್ರಶ್ನೆಯನ್ನು ಡಾಕ್ಟರು ಇಂಗ್ಲಿಷಿನಲ್ಲಿ ದಾಟಿಸಿದರು. ಅವನು ಕೆಂಪಗಾದ. ಅವನು ಹೇಳಿದ್ದನ್ನು ಡಾಕ್ಟರು ಕನ್ನಡಕ್ಕೆ ತಂದದ್ದು ಹೀಗೆ: “ಇದರಲ್ಲಿ ಎರಡು ಥರ ಬೀಗ ಇದೆಯಂತೆ. ಗಟ್ಟಿ ಬೀಗ ಹಾಕಿದರೆ ಬರೆದದ್ದೆಲ್ಲ ಕಲಸಿಹೋಗುತ್ತದೆ. ಕೀಲಿಮಾತು ಗೊತ್ತಿಲ್ಲದವನು ತಲೆ ಚಚ್ಚಿಕೊಂಡರೂ ಓದಲಾರ. ಅವರ ಊರಿನ ಅಂಗಡಿಯಲ್ಲಿ ಪೆನ್ಸಿಲ್ಲು ರಬ್ಬರಿನ ಪಕ್ಕದಲ್ಲೇ ಇಟ್ಟು ಮಾರುತ್ತಾರಂತೆ, ಯಾರು ಬೇಕಾದರೂ ಕೊಳ್ಳಬಹುದು. ಆದರೆ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲವಂತೆ. ಅವರ ಸರ್ಕಾರ ಅದನ್ನು ಯುದ್ಧ ಸಾಮಗ್ರಿಯ ಪಟ್ಟಿಯಲ್ಲಿಟ್ಟಿದೆ.”

“ಯುದ್ಧ ಸಾಮಗ್ರಿ ಅಂದ್ರೆ?”

“ಫಿರಂಗಿ, ಟ್ಯಾಂಕು. ಆ ಸಾಲಿನಲ್ಲಿ.”

“ಹಾಗಾದರೆ ನಮಗೆ ಬಂದಿರೋದು?”

“ತೆಳು ಬೀಗ” ಎಂದರು ಡಾಕ್ಟರು.

ಪೀಟರ್ ಏನೋ ಗೊಣಗಿದ. ಅವನಿಗೂ ಇದು ಸರಿ ಕಂಡಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿ ಗಟ್ಟಿ ಬೀಗ ತಂದಿದ್ದರೆ ವಾಪಸು ಹೋದ ಕೂಡಲೇ ಅವನಿಗೇ ಬೀಗ ಬೀಳುತ್ತಿತ್ತಂತೆ. ಕಂಡಕ್ಟರು ಓದದ ಮಟ್ಟಿಗೆ ಇದು ಸಾಕು ಎಂದು ಹೇಳಿ ಅವನು ಹೊರಟುಹೋದ. ಡಾಕ್ಟರಿಗೂ ಹಾಗೇ ಅನ್ನಿಸಿತು. ಯಂತ್ರ ಹೊಸದು, ಅವರಿಗೆ ಮೋಹ. ಸೋಮವಾರದಿಂದ ಹೆಸರು ತುಂಬಲು ಶುರು ಮಾಡು ಎಂದರು.

“ಮೊದಲು ಒಮ್ಮೆ ಪರೀಕ್ಷೆ ಮಾಡೋಣ ಸಾರ್” ಎಂದೆ.

“ಯಾರ ಹೆಸರು ಹಾಕಿ ಪರೀಕ್ಷೆ ಮಾಡುವುದು? ರೋಗಿಗಳ ಹೆಸರು ಬೇಡ. ನನ್ನದೇ ಹಾಕು, ನಿನ್ನದೂ ಹಾಕು” ಎಂದರು. ಇದು ಡಾಕ್ಟರ ಪ್ರಮಾದ. ಆದರೆ ಬೆರಳಿಟ್ಟು ಒತ್ತಿದವನು ನಾನೇ. ಇಬ್ಬರ ಹೆಸರು, ವಿಳಾಸ, ಮಚ್ಚೆಯ ಜಾಗ ಎಲ್ಲ ತುಂಬಿದೆವು. ಡಾಕ್ಟರಿಗೆ ಬೆನ್ನ ಮೇಲೆ ಎರಡು ಕೊಟ್ಟೆ, ನಾನು ತೊಡೆಯ ಮೇಲೆ ಒಂದು ಇಟ್ಟುಕೊಂಡೆ. ತೆಳು ಬೀಗ ಹಾಕಿ, ಕೀಲಿಮಾತು ಕೊಟ್ಟು ಮುಚ್ಚಿದೆವು.

ಬೀಗ ಒಡೆಯಲು ಪೇಟೆಯ ಪ್ರಕಾಶನನ್ನು ಕರೆದೆವು. ಅವನ ಟೈಪಿಂಗ್ ಶಾಲೆಯ ಮುಂದೆ ‘ಕಂಪ್ಯೂಟರ್ ಕಲಿಸಲಾಗುವುದು’ ಎಂಬ ಬೋರ್ಡಿತ್ತು. ಕಂಪ್ಯೂಟರ್ ಇರಲಿಲ್ಲ. ಬೆಂಗಳೂರಿನಲ್ಲಿ ಮೂರು ತಿಂಗಳು ಕಲಿತು ಬಂದು, ಕೀಲಿಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದ. ನಿಜವಾದ ಯಂತ್ರದ ಮುಂದೆ ಅವನು ಚಪ್ಪಲಿ ಬಿಟ್ಟು ಕೂತ. ನಾನು ಮೂಲೆಯಂಗಡಿಯಿಂದ ಮೂರು ಟೀ ತರುವಷ್ಟರಲ್ಲಿ ಕೆಲಸ ಮುಗಿದಿತ್ತು. ಬೀಗ ಬಾಗಿಲಿಗೆ ಮಾತ್ರ ಇತ್ತು, ಗೋಡೆಯೇ ಇರಲಿಲ್ಲ. ನಮ್ಮ ಪ್ರೋಗ್ರಾಮು ಬಿಟ್ಟು ಆಚೆಯಿಂದ ಬಂದು ಫೈಲನ್ನು ತೋರಿಸು ಎಂದರೆ ಯಂತ್ರ ಕೀಲಿಮಾತನ್ನೇ ಕೇಳದೆ ಎಲ್ಲವನ್ನೂ ಹಸಿರು ಅಕ್ಷರದಲ್ಲಿ ತೋರಿಸಿಬಿಟ್ಟಿತು.

ಪ್ರಕಾಶ ಓದಿದ. ಡಾಕ್ಟರ ಕಡೆ ನೋಡಿದ. ನನ್ನ ಕಡೆ ನೋಡಿದ. “ಡಾಕ್ಟ್ರೇ, ನಿಮಗೂನಾ?” ಎಂದು ಕುರ್ಚಿಯನ್ನು ಒಂದು ಅಡಿ ಹಿಂದಕ್ಕೆ ಸರಿಸಿಕೊಂಡ.

ಇದು ಪರೀಕ್ಷೆಗೆ ಹಾಕಿದ ಹೆಸರು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಒಟ್ಟಿಗೇ ಹೇಳಿದ್ದರಿಂದ ಅವನಿಗೆ ಸಂಶಯ ಗಟ್ಟಿಯಾಯಿತು. ನಾನು ತಂದ ಟೀಯನ್ನು ಅವನು ಕುಡಿಯಲಿಲ್ಲ.

ಮೂರನೆಯ ದಿನ ಮೂಲೆಯಂಗಡಿಯಲ್ಲಿ ನನ್ನ ಟೀ ಬೇರೆ ಲೋಟದಲ್ಲಿ ಬಂತು. ಲೋಟದ ಕಂಠಕ್ಕೆ ಕೆಂಪು ಬಣ್ಣದ ಗುರುತಿತ್ತು. ಅಂಗಡಿಯವನು ನನ್ನ ಮುಖ ನೋಡದೆ, “ನಿಮ್ಗೇ ಅಂತ ಹೊಸದು ತರ್ಸಿದೀವಿ” ಎಂದ. ಡಾಕ್ಟರು ಕ್ಷೌರಕ್ಕೆ ಹೋದರೆ ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ “ಇವತ್ತು ಭಾಳ ರಶ್ಶು” ಎಂದರಂತೆ. ಅವರ ಮನೆಗೆ ಹಾಲು ಹಾಕುತ್ತಿದ್ದವಳು ಒಳಗೆ ಬರುವುದು ಬಿಟ್ಟು ಗೇಟಿನ ಹತ್ತಿರ ಪಾತ್ರೆ ಇಟ್ಟು ಹೋಗತೊಡಗಿದಳು. ಹದಿನೈದು ವರ್ಷ ಈ ರೋಗದ ಬಗ್ಗೆ ಮೂರು ತಾಲ್ಲೂಕಿನಲ್ಲಿ ಭಾಷಣ ಮಾಡಿದ್ದ ಮನುಷ್ಯ, ಎರಡು ವಾರ ಗಡ್ಡ ಬಿಟ್ಟುಕೊಂಡು ಆಫೀಸಿನಲ್ಲಿ ಕೂತಿದ್ದರು. “ಮಂಜಪ್ಪ, ಇದು ಹೀಗಿರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ” ಎಂದರು ಒಂದು ದಿನ.

ಆ ಎರಡನೆಯ ವಾರದ ಕೊನೆಗೆ ಗಣಪಣ್ಣ ಹಾಡಹಗಲಲ್ಲಿ ಆಫೀಸಿಗೆ ಬಂದರು. ಅವರು ಯಾವತ್ತೂ ಆಫೀಸಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಿದ್ದನ್ನು ಯಾರಾದರೂ ನೋಡಿದರೆ ಕಥೆ ಮುಗಿಯುತ್ತಿತ್ತು. ಕೈಯಲ್ಲಿ ಬಾಳೆಲೆ ಮುಚ್ಚಿದ ಡಬ್ಬಿ. ಬಾಗಿಲು ಅರ್ಧ ಮುಂದೆ ಮಾಡಿ ನನ್ನೆದುರು ಕೂತರು.

“ಎಂಗೆ ಹೇಳಲೇ ಇಲ್ಲೆ ನೀನು” ಎಂದು ದೂರಿದರು.

“ಏನನ್ನ ಗಣಪಣ್ಣ?”

“ನಿಂಗೂ ಇದ್ದು ಹೇಳಿ. ಪೇಟೆ ತುಂಬ ಜನ ಮಾತಾಡ್ತಾ ಇದ್ದ.” ಅವರ ಕಣ್ಣು ತುಂಬಿತ್ತು. “ಹೆದ್ರಡ ಮಾರಾಯ. ಆ ಕೆಂಪು ಮಾತ್ರೆ ನುಂಗು, ಆರೇ ತಿಂಗ್ಳು. ಯಾರಾದ್ರೂ ಕೇಳಿರೆ ಅದೆಲ್ಲ ಸುಳ್ಳು ಹೇಳಿ ಎಂಗೊ ಹೇಳ್ತ್ಯ. ಎನ್ನ ಬಾಯಿಂದ ನಿನ್ನ ಹೆಸ್ರು ಹೊರಗೆ ಹೋಗ್ತಿಲ್ಲೆ.”

ನಾನು ಅವರಿಗೆ ಕೊಟ್ಟ ಮಾತನ್ನು ಅವರು ನನಗೆ ವಾಪಸು ಕೊಡುತ್ತಿದ್ದರು. ನನಗೇನೂ ಆಗಿಲ್ಲ ಎಂದು ಹೇಳಬೇಕಿತ್ತು. ಡಬ್ಬಿ ತೆರೆದರು, ಹೋಳಿಗೆ. ಆ ಮದುವೆಯಲ್ಲಿ ನಾನು ಹಾಕಿಸಿಕೊಳ್ಳದಿದ್ದದ್ದನ್ನು ಅವರು ಗಮನಿಸಿದ್ದರೋ ಏನೋ, ನನಗೆ ಗೊತ್ತಿಲ್ಲ. ಎರಡು ತಿಂದೆ. ಅವರೂ ಅದೇ ಎಲೆಯಿಂದ ಒಂದು ತಿಂದರು. ಒಳಗಿನ ಕೋಣೆಯಿಂದ ಡಾಕ್ಟರು ಬಂದು ತಾವೂ ಒಂದು ತೆಗೆದುಕೊಂಡರು.

ಗಣಪಣ್ಣ ಹೋದ ಮೇಲೆ ಡಾಕ್ಟರು ಕೇಳಿದರು. “ಈ ಮನುಷ್ಯನ ಹೆಸರೂ ಫ್ಲಾಪಿಗೆ ಹೋಗುತ್ತಿತ್ತು, ಅಲ್ಲವಾ?”

“ಆ ಸೋಮವಾರವೇ ತುಂಬಬೇಕಿತ್ತು ಸಾರ್.”

ಮರುದಿನವೇ ಅವರು ಗಟ್ಟಿ ಬೀಗ ಬೇಕೆಂದು ಅದನ್ನು ಮಾರುವ ಅಮೆರಿಕದ ಕಂಪನಿಗೆ ಪತ್ರ ಬರೆದರು. ಒಂದು ಅರ್ಜಿ ಬಂತು, ಹನ್ನೊಂದು ಪುಟ. ಕೊಳ್ಳುವವರು ಕ್ಷಿಪಣಿ ತಯಾರಿಸುತ್ತಾರೆಯೇ? ಇಲ್ಲವಾದರೆ ಏನು ತಯಾರಿಸುತ್ತಾರೆ? ಡಾಕ್ಟರು ‘ಚಪ್ಪಲಿ’ ಎಂದು ತುಂಬಿದರು. ಅದು ಸತ್ಯ, ಕಾಲು ಜೋಮು ಹಿಡಿದವರಿಗೆ ಮೆತ್ತನೆ ರಬ್ಬರಿನ ಚಪ್ಪಲಿಯನ್ನು ನಮ್ಮಲ್ಲೇ ಹೊಲಿಯುತ್ತಿದ್ದೆವು. ಬೀಗ ಹಾಕಿ ಮುಚ್ಚಿಡುವ ಮಾಹಿತಿ ಯಾವುದು, ಒಂದು ಮಾದರಿ ಲಗತ್ತಿಸಿ ಎಂದು ಕೊನೆಯ ಪುಟದಲ್ಲಿತ್ತು. ಡಾಕ್ಟರು ಆ ಪುಟವನ್ನು ಖಾಲಿ ಬಿಟ್ಟು ಕಳಿಸಿದರು. ಏಳು ತಿಂಗಳ ಮೇಲೆ ಎರಡು ಸಾಲಿನ ವಿಷಾದ ಪತ್ರ ಬಂತು. ಅಷ್ಟು ದೂರದಲ್ಲಿ ಕೂತ ಯಾರೋ, ಸಾಗರದ ಅಡುಗೆಯವರೊಬ್ಬರ ಹೆಸರು ಬಚ್ಚಿಡುವುದರಿಂದ ತಮ್ಮ ದೇಶಕ್ಕೆ ಅಪಾಯವಿದೆ ಎಂದು ತೀರ್ಮಾನಿಸಿದ್ದರು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಡೈರಿ ಬೀಳಿಸಿದವನು ನಾನು. ಸಿಟ್ಟನ್ನು ಪೂರ್ತಿ ಅವರ ಮೇಲೆ ಹಾಕಲು ಆಗಲಿಲ್ಲ.

ಉತ್ತರ ಬರುವವರೆಗೂ ನಾವು ಕಾದಿರಲಿಲ್ಲ. ಅರ್ಜಿ ಅಂಚೆಗೆ ಹಾಕಿದ ದಿನವೇ ಡಾಕ್ಟರು ಬೀರುವಿನಿಂದ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟಿದ್ದರು. “ಯಂತ್ರಕ್ಕೆ ನಂಬರು ಮಾತ್ರ. ಯಾವ ನಂಬರು ಯಾರದೆಂದು ಎಲ್ಲೂ ಬರೆಯಬೇಡ, ಬಾಯಿಪಾಠ ಮಾಡು.” ಮೇಲಿನವರು ಕೇಳಿದರೆ ತಾನು ಉತ್ತರ ಕೊಡುತ್ತೇನೆ ಎಂದರು. ಕೇಳಿದರು, ಕೊಟ್ಟರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅವರ ಬಡ್ತಿಯ ವಿಷಯ 
ಬರೆಯುವುದಿಲ್ಲ ಎಂದುಕೊಂಡಿದ್ದೆ, ಇದೊಂದನ್ನು ಬರೆಯಲೇಬೇಕು.

ನೂರಕ್ಕೂ ಹೆಚ್ಚು ಹೆಸರು. ಹೊಸನಗರದ ಏರಿನಲ್ಲಿ ಸೈಕಲ್ ತಳ್ಳುತ್ತ ಒಪ್ಪಿಸಿಕೊಂಡೆ. ಹೊಸ ರೋಗಿ ಬಂದರೆ ಒಂದು ಸೇರುತ್ತಿತ್ತು, ಗುಣವಾಗಿ ತಪಾಸಣೆಯ ವರ್ಷಗಳೂ ಮುಗಿದರೆ ಒಂದು ಬಿಡುತ್ತಿತ್ತು, ಬಿಟ್ಟ ನಂಬರು ಮುಂದಿನ ಹೊಸಬರಿಗೆ ಹೋಗುತ್ತಿತ್ತು. ಕಂಪ್ಯೂಟರ್ ಎರಡು ಸಲ ಕೆಟ್ಟಿತು. ನಾನು ಜ್ವರ ಬಂದು ಮಲಗಿದಾಗ ಡಾಕ್ಟರು ಪಕ್ಕದಲ್ಲಿ ಕೂತು, ಕನವರಿಕೆಯಲ್ಲಿ ನಂಬರು ಹೇಳಿದೆನೋ ಹೆಸರು ಹೇಳಿದೆನೋ ಎಂದು ಕಿವಿಗೊಟ್ಟಿದ್ದರು. ನಂಬರೇ ಅಂತೆ.

ನಿವೃತ್ತಿಯ ಹಿಂದಿನ ತಿಂಗಳು ನನ್ನ ಜಾಗಕ್ಕೆ ಬಂದ ಗಿರಿಜಾಳನ್ನು ಇಕ್ಕೇರಿ ರಸ್ತೆಯಲ್ಲಿ ದಿನಾ ನಡೆಸಿಕೊಂಡು ಹೋಗಿ ಪಟ್ಟಿಯನ್ನು ಬಾಯಲ್ಲೇ ದಾಟಿಸಿದೆ. ಅವಳು ಒಂದೂ ತಪ್ಪದೆ ಒಪ್ಪಿಸಿದಳು. ಆಮೇಲೆ, “ಸಾರ್, ನೂರಾ ಹದಿನೇಳು ಬಿಟ್ಟೇ ಹೋಯ್ತಲ್ಲ, ಅದ್ಯಾರ್ದು?” ಎಂದಳು.

“ಅದು ಮುಗಿದಿದೆ” ಎಂದೆ. ಹೋಳಿಗೆ ಡಬ್ಬಿ ತಂದವರ ನಂಬರನ್ನು ನಾನು ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ.

ಇಷ್ಟು ಓದಿದ ನಮ್ಮ ಕಡೆಯವರು ಈಗ ತಾಳೆ ಹಾಕಲು ಕೂತಿರುತ್ತಾರೆಂದು ಬಲ್ಲೆ. ಬರಿಗೈಯಲ್ಲಿ ಹೋಳಿಗೆ ಮಗುಚುತ್ತಿದ್ದವರು ಯಾರು, ಆಮೇಲೆ ಸಟ್ಟುಗ ಹಿಡಿದವರು ಯಾರು? ಶ್ರಮ ಪಡಬೇಡಿ. ಗಣಪಣ್ಣ ಅವರ ಹೆಸರಲ್ಲ. ಆ ಮದುವೆ ಇಕ್ಕೇರಿ ಹತ್ತಿರ ಆದದ್ದೂ ಅಲ್ಲ. ಅವರು ಮಗುಚುತ್ತಿದ್ದದ್ದು ಹೋಳಿಗೆಯನ್ನೂ ಅಲ್ಲ. ಆ ಎಲೆಯಿಂದ ನಾವು ಮೂವರು ತಿಂದದ್ದು ಮಾತ್ರ ನಿಜ. ಈಗ ಅವರಿಲ್ಲ, ಕೊನೆಯ ವರ್ಷದವರೆಗೂ ಊರು ಅವರ ಕೈ ಅಡುಗೆ ಉಂಡಿತು. ನನಗೂ ಮರೆವು ಶುರುವಾಗಿದೆ, ನಂಬರುಗಳು ಒಂದೊಂದಾಗಿ ಜಾರುತ್ತಿವೆ. ಅವರ ಮನೆಯ ಹಸುವಿನ ಹೆಸರು ಇನ್ನೂ ನೆನಪಿದೆ. ಅದನ್ನು ಬರೆಯುವುದಿಲ್ಲ.